ಸಿದ್ಧ ಉಡುಪಿನ ಕಾರ್ಖಾನೆಗಳ ತನಿಖೆ: ಒಂದು ಪ್ರಮಾಣವಿಚಾರ

೧

ದುಡಿಯುವವರಿಗೆ ಸಲ್ಲಬೇಕಾದ ಕೂಲಿ, ವಿರಾಮ, ರಕ್ಷಣೆ, ಮರ್ಯಾದೆ ಇವುಗಳಿಗೆ ಒಂದು ಕನಿಷ್ಠ ಮಟ್ಟವನ್ನು ಗೊತ್ತುಮಾಡುವುದು ಒಂದು ಕಾರ್ಯ. ಆ ಮಟ್ಟವು ನಡೆವಳಿಕೆಯಲ್ಲಿ ಇದೆಯೆ ಇಲ್ಲವೆ ಎಂಬುದನ್ನು ಕಂಡುಹಿಡಿಯುವುದು ಇನ್ನೊಂದು ಕಾರ್ಯ. ಮೊದಲನೆಯದು ವಿಧಿಗೆ ಸೇರಿದ್ದು. ಎರಡನೆಯದು ಪ್ರಮಾಣಕ್ಕೆ ಸೇರಿದ್ದು. ವಿಧಿಯನ್ನು ಕುರಿತು ವಾದವಿವಾದಗಳು ಬೇಕಾದಷ್ಟು ನಡೆದಿವೆ. ಅದರ ಪಾಲನೆಯನ್ನು ತಿಳಿಯುವ ಬಗೆ ಯಾವುದು, ತಿಳಿದವನು ಯಾರು, ತಿಳಿದ ಮೇಲೆ ನಡೆಯುವುದೇನು ಎಂಬ ಪ್ರಶ್ನೆಗಳಿಗೆ ಅಷ್ಟು ಗಮನ ಸಂದಿಲ್ಲ. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳ ನಿದರ್ಶನದಿಂದ ಇವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪ್ರಶ್ನೆ ಹೊಸದಲ್ಲ. ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಮೈಸೂರಿನಿಂದ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಸೂತ್ರಾಧ್ಯಕ್ಷನ ಪ್ರಕರಣವೊಂದಿದೆ. ನೂಲಿನ ನಯ, ಒರಟು, ಮಧ್ಯಮ ಎಂಬ ಭೇದಗಳನ್ನು ನೋಡಿ ಕೂಲಿಯನ್ನು ಕಟ್ಟಬೇಕು. ಮನೆಬಿಟ್ಟು ಹೊರಡದ ಹೆಂಗಸರಿಗೆ ದಾಸಿಯರ ಮೂಲಕ ಮರ್ಯಾದೆಯಿಂದ ಕೆಲಸವನ್ನು ಒದಗಿಸಬೇಕು. ಮುಂಜಾನೆ ಸೂತ್ರಶಾಲೆಗೆ ತಾವಾಗಿ ಬರುವವರ ನೂಲನ್ನು ಪರೀಕ್ಷಿಸುವುದಕ್ಕೆ ಬೇಕಾಗುವಷ್ಟೇ ದೀಪವಿರಬೇಕು. ಹೆಂಗಸಿನ ಮುಖವನ್ನು ನೋಡಿದರೆ ಅಥವಾ ಕೆಲಸಕ್ಕೆ ಹೊರತಾದ ಮಾತನ್ನಾಡಿದರೆ ಅಧಿಕಾರಿಗೆ ಪೂರ್ವಸಾಹಸದಂಡ. ಕೂಲಿ ಕೊಡುವ ಕಾಲವನ್ನು ಮೀರಿದರೆ ಮಧ್ಯಮದಂಡ. ಕೂಲಿಯನ್ನು ಪಡೆದು ಕೆಲಸ ಮಾಡದವಳಿಗೆ ಅಲ್ಲಿ ವಿಧಿಸಿರುವ ಅಂಗಚ್ಛೇದವು ಕ್ರೂರವಾದುದು. ಆದಕಾರಣ ಆ ಪ್ರಕರಣವನ್ನು ಆದರ್ಶವೆಂದು ಎತ್ತಿಹಿಡಿಯುವಂತಿಲ್ಲ. ಆದರೂ ಒಂದಂಶ ಗಮನಾರ್ಹವಾದುದು. ಕೆಲಸ ಮಾಡಿಸುವವನೂ ತಪ್ಪು ಮಾಡಬಲ್ಲನೆಂಬುದನ್ನು ಗ್ರಂಥಕಾರನು ಒಪ್ಪಿಕೊಂಡಿದ್ದಾನೆ. ಆ ತಪ್ಪು ರಾಜನ ಕಿವಿಗೆ ಮುಟ್ಟುವ ದಾರಿ ಯಾವುದು, ಸೂತ್ರಶಾಲೆಯ ಹೆಂಗಸು ಅದನ್ನು ಯಾರಿಗೆ ಹೇಳಬೇಕು ಎಂಬುದು ಮಾತ್ರ ಆ ಪ್ರಕರಣದಲ್ಲಿಲ್ಲ. ಈಗಿನ ತೊಡಕೂ ಅಲ್ಲಿಯೇ ಇದೆ.

೨

ನವೀನ ಕಾಲದಲ್ಲಿ ಕಾರ್ಖಾನೆಗಳ ತನಿಖೆಯು ೧೮೩೩ರ ಇಂಗ್ಲೆಂಡಿನ ಕಾಯಿದೆಯಿಂದ ಸ್ಥಿರವಾಯಿತು. ಅದಕ್ಕೆ ಮುಂಚೆಯೂ ಆ ದೇಶದಲ್ಲಿ ಕಾಯಿದೆಗಳಿದ್ದುವು. ಅವುಗಳನ್ನು ನಡೆಯಿಸುವುದಕ್ಕೆ ಸಂಬಳದ ಅಧಿಕಾರಿಗಳಿರಲಿಲ್ಲ. ೧೮೩೩ರಲ್ಲಿ ನಾಲ್ವರು ನಿರೀಕ್ಷಕರು ನೇಮಕವಾದರು. ಭಾರತದ ಮೊದಲನೆಯ ಕಾರ್ಖಾನೆ ಕಾಯಿದೆಯು ೧೮೮೧ರದು. ನೂರಕ್ಕೆ ಕಡಮೆಯಿಲ್ಲದ ಮಂದಿ ದುಡಿಯುವ, ಯಂತ್ರಶಕ್ತಿಯುಳ್ಳ ಸ್ಥಳಗಳಿಗೆ ಮಾತ್ರ ಅದು ಅನ್ವಯಿಸುತ್ತಿದ್ದಿತು. ಇದಾದ ಕೆಲವೇ ವರ್ಷಗಳಲ್ಲಿ ಬೆಂಗಳೂರಿನಲ್ಲಿ ದೊಡ್ಡ ಗಿರಣಿಗಳು ತಲೆಯೆತ್ತಿದುವು. ೧೮೮೪ರಲ್ಲಿ ಹುಟ್ಟಿ ಬಿನ್ನಿ ಗಿರಣಿಯೆಂದು ಹೆಸರಾದ ಉಣ್ಣೆ, ಹತ್ತಿ, ರೇಷ್ಮೆಯ ಗಿರಣಿಯೂ ಮಲ್ಲೇಶ್ವರದ ಅಂಚಿನಲ್ಲಿ ರಾಜಾಮಿಲ್ ಎಂದು ಜನ ಕರೆಯುತ್ತಿದ್ದ ಗಿರಣಿಯೂ ಹಳೆಯ ಬೆಂಗಳೂರಿನ ದಿನಚರಿಯನ್ನೇ ರೂಪಿಸಿದುವು. ಈಗ ಅವೆರಡೂ ಇಲ್ಲ. ರಾಜಾಮಿಲ್ಲಿನ ನೆಲದ ಮೇಲೆ ದೊಡ್ಡ ಅಂಗಡಿಮಳಿಗೆಯಿದ್ದು ಅಲ್ಲಿ ಸಿದ್ಧ ಉಡುಪುಗಳು ಮಾರಾಟವಾಗುತ್ತವೆ. ಬಟ್ಟೆ ನೇಯುವ ಕಸುಬು ಊರೊಳಗಿನಿಂದ ಮರೆಯಾಗಿ, ಬಟ್ಟೆ ಹೊಲಿಯುವ ಕಸುಬು ಮೈಸೂರು ರಸ್ತೆ, ಪೀಣ್ಯ, ಬೊಮ್ಮನಹಳ್ಳಿ, ಹೊಸೂರು ರಸ್ತೆಗಳ ಕಡೆಗೆ ಹಬ್ಬಿತು. ಗಿರಣಿಯ ಕೆಲಸಗಾರರಲ್ಲಿ ಗಂಡಸರು ಹೆಚ್ಚಾಗಿದ್ದರು. ಹೊಲಿಗೆಯ ಕಾರ್ಖಾನೆಗಳಲ್ಲಿ ಬಹುಪಾಲು ಹೆಂಗಸರು.

ಈ ಕಾರ್ಖಾನೆಗಳಿಗೆಲ್ಲ ಬಹುಕಾಲ ಆಧಾರವಾಗಿದ್ದುದು ೧೯೪೮ರ ಕಾರ್ಖಾನೆ ಕಾಯಿದೆ. ವಾರಕ್ಕೆ ೪೮ ಗಂಟೆಗಳ ಮಿತಿ, ಹೆಚ್ಚಿನ ದುಡಿಮೆಗೆ ಎರಡರಷ್ಟು ಕೂಲಿ, ಕುಡಿಯುವ ನೀರು, ಶೌಚಗೃಹ, ಶಿಶುವಿಹಾರ ಮುಂತಾದ ವಿಧಿಗಳು ಅದರಲ್ಲಿದ್ದುವು. ಆದರೆ ಪ್ರಕೃತ ವಿಷಯಕ್ಕೆ ಮುಖ್ಯವಾದುವು ಬೇರೆ ಮೂರು ವಿಧಿಗಳು. ಮೊದಲನೆಯದು: ಕಾರ್ಖಾನೆಯಲ್ಲಿ ಪ್ರತ್ಯಕ್ಷವಾಗಿಯಾಗಲಿ ಪರೋಕ್ಷವಾಗಿಯಾಗಲಿ ಸ್ವಾರ್ಥಸಂಬಂಧವುಳ್ಳವನು ನಿರೀಕ್ಷಕನಾಗಕೂಡದು. ಎರಡನೆಯದು: ಕಾಯಿದೆಯ ಸಾರಾಂಶವನ್ನು ಇಂಗ್ಲಿಷಿನಲ್ಲಿಯೂ ಕೆಲಸಗಾರರಲ್ಲಿ ಹೆಚ್ಚು ಮಂದಿಗೆ ತಿಳಿಯುವ ಭಾಷೆಯಲ್ಲಿಯೂ ಬಾಗಿಲ ಬಳಿ ಕಾಣುವಂತೆ ತೂಗುಹಾಕಬೇಕು. ಮೂರನೆಯದು, ೧೯೮೭ರ ತಿದ್ದುಪಾಟಿನಿಂದ ಬಂದುದು: ದೂರು ಕೊಟ್ಟವರಾರೆಂಬುದನ್ನು ನಿರೀಕ್ಷಕನು ಗುಟ್ಟಾಗಿಡಬೇಕು, ದೂರಿನ ಮೇಲೆ ಬಂದಿದ್ದೇನೆಂಬುದನ್ನು ಕೂಡ ಮಾಲೀಕನಿಗೆ ತಿಳಿಸಕೂಡದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ೧೯೪೭ರ ೮೧ನೆಯ ಒಪ್ಪಂದವೂ ಇದೇ ಹಾದಿಯದು. ಮುನ್ಸೂಚನೆಯಿಲ್ಲದೆ, ಹಗಲಾಗಲಿ ಇರುಳಾಗಲಿ, ನಿರೀಕ್ಷಕನಿಗೆ ಪ್ರವೇಶವಿರಬೇಕೆಂದು ಅದು ಹೇಳುತ್ತದೆ. ಭಾರತವು ೧೯೪೯ರಲ್ಲಿ ಅದಕ್ಕೆ ಸಮ್ಮತಿಯಿತ್ತಿತು. ನೋಡುವವನು ನಿಃಸ್ವಾರ್ಥನಾಗಿರಬೇಕು, ಹೇಳುವವರಿಗೆ ವಿಧಿಯ ಅರಿವಿರಬೇಕು, ಹೇಳಿದವರಿಗೆ ಅಭಯವಿರಬೇಕು. ತನಿಖೆಯ ತ್ರಿಪಾದಿ ಇದು.

ಆಚರಣೆಯು ವಿಧಿಗೆ ಸಮನಾಗಲಿಲ್ಲ. ಕಾರ್ಖಾನೆಗಳು ಬೆಳೆದಂತೆ ನಿರೀಕ್ಷಕರು ಬೆಳೆಯಲಿಲ್ಲ. ನಿರೀಕ್ಷಕನ ಭೇಟಿಯು ಲಂಚಕ್ಕೆ ದಾರಿಯೆಂಬ ಅಪವಾದವೂ ಹಬ್ಬಿತು. ೨೦೨೦ರ ವೃತ್ತಿಸಂಬಂಧಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು ೨೦೨೫ರ ನವೆಂಬರ್ ೨೧ರಿಂದ ಜಾರಿಗೆ ಬಂದು ೧೯೪೮ರ ಕಾಯಿದೆಯ ಸ್ಥಾನವನ್ನು ಪಡೆಯಿತು. ಅದರಲ್ಲಿ ನಿರೀಕ್ಷಕನು ಅನುಕೂಲ ಮಾಡಿಕೊಡುವವನೂ ಆಗಿದ್ದಾನೆ. ಮೂರನೆಯವರಿಂದ ತಪಾಸಣೆ ಮಾಡಿಸಿ ಪ್ರಮಾಣಪತ್ರ ಪಡೆಯುವುದಕ್ಕೂ ಅದರಲ್ಲಿ ಅವಕಾಶವುಂಟು. ಆದುದರಿಂದ ಮೂರನೆಯವರ ತಪಾಸಣೆ ಎಂತಹುದೆಂಬುದನ್ನು ತಿಳಿಯುವುದು ಈಗ ಮತ್ತಷ್ಟು ಅವಶ್ಯವಾಗಿದೆ.

೩

ಸರಕಾರದ ತನಿಖೆಯ ಪಕ್ಕದಲ್ಲಿ ಕಳೆದ ಮೂರು ದಶಕಗಳಿಂದ ಎರಡನೆಯದೊಂದು ತನಿಖೆ ಬೆಳೆದಿದೆ. ಅಮೆರಿಕ ಮತ್ತು ಯೂರೋಪಿನ ಉಡುಪಿನ ವ್ಯಾಪಾರಸಂಸ್ಥೆಗಳು ಸ್ವಂತ ಕಾರ್ಖಾನೆಗಳನ್ನು ಬಹುಮಟ್ಟಿಗೆ ಬಿಟ್ಟು, ಏಷ್ಯದ ಕಾರ್ಖಾನೆಗಳಿಗೆ ಬೇಡಿಕೆ ಕೊಟ್ಟು ಮಾಲನ್ನು ತರಿಸಿಕೊಳ್ಳತೊಡಗಿದುವು. ಆ ಕಾರ್ಖಾನೆಗಳ ದುಃಸ್ಥಿತಿ ಪತ್ರಿಕೆಗಳಲ್ಲಿ ಬಯಲಾಗಿ ಕೊಳ್ಳುವ ಜನರು ಪ್ರಶ್ನಿಸಲು ಮೊದಲಾದಾಗ, ಸಂಸ್ಥೆಗಳು ನಡತೆಯ ನಿಯಮಾವಳಿಗಳನ್ನು ಬರೆದುಕೊಂಡುವು. ೧೯೯೧ರಲ್ಲಿ ಲೀವೈ ಸ್ಟ್ರಾಸ್ ಸಂಸ್ಥೆಯು ಪ್ರಕಟಿಸಿದುದು ಇವುಗಳಲ್ಲಿ ಮೊದಮೊದಲಿನದು. ೧೯೯೭ರಲ್ಲಿ ಎಸ್‌ಎ ೮೦೦೦ ಎಂಬ ಪ್ರಮಾಣಪತ್ರದ ಪದ್ಧತಿ ಹೊರಟಿತು. ನಿಯಮಗಳ ಪಾಲನೆಯನ್ನು ನೋಡುವುದಕ್ಕೆ ತಪಾಸಣೆಯ ಸಂಸ್ಥೆಗಳು ಹುಟ್ಟಿ, ತಪಾಸಣೆಯೇ ಒಂದು ವ್ಯಾಪಾರವಾಯಿತು.

ಅದರ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ. ತಪಾಸಣೆಗಾರರು ಒಂದು ದಿನವೋ ಕೆಲವು ದಿನಗಳೋ ಬರುತ್ತಾರೆ. ಮೊದಲು ಆಡಳಿತದವರೊಡನೆ ಸಭೆ. ಬಳಿಕ ಕತ್ತರಿಸುವ, ಹೊಲಿಯುವ, ಇಸ್ತ್ರಿ ಹಾಕುವ ವಿಭಾಗಗಳ ಸುತ್ತಾಟ. ಆಮೇಲೆ ಹಾಜರಿ ಮತ್ತು ಕೂಲಿಯ ಪುಸ್ತಕಗಳ ಪರೀಕ್ಷೆ. ನಡುವೆ ಕೆಲವರು ಕೆಲಸಗಾರರ ಹೇಳಿಕೆ. ಕೊನೆಯಲ್ಲಿ ಕುಂದುಗಳ ಪಟ್ಟಿ, ತಿದ್ದಿಕೊಳ್ಳಲು ಗಡುವು. ಬರುವ ದಿನ ಅಥವಾ ವಾರ ಅನೇಕ ವೇಳೆ ಮುಂಚೆಯೇ ತಿಳಿದಿರುತ್ತದೆ. ತಪಾಸಣೆಯ ಶುಲ್ಕವನ್ನು ಕೊಳ್ಳುವ ಸಂಸ್ಥೆಯೋ, ಅನೇಕ ವೇಳೆ ತಪಾಸಣೆಗೊಳಗಾಗುವ ಕಾರ್ಖಾನೆಯೋ ಕೊಡುತ್ತದೆ. ವರದಿಯು ಅವರಿಬ್ಬರಿಗೆ ಸೇರಿದ್ದು. ಯಾರ ಬಾಳನ್ನು ಕುರಿತು ಅದು ಬರೆಯಲ್ಪಟ್ಟಿದೆಯೋ ಅವರ ಕೈಗೆ ಸಾಮಾನ್ಯವಾಗಿ ಬರುವುದಿಲ್ಲ. ಮೇಲೆ ಹೇಳಿದ ತ್ರಿಪಾದಿಯೊಡನೆ ಹೋಲಿಸಿದರೆ ವ್ಯತ್ಯಾಸವು ತಾನಾಗಿ ತಿಳಿಯುತ್ತದೆ. ೧೯೪೮ರ ಕಾಯಿದೆಯು ನಿರೀಕ್ಷಕನಿಗೆ ನಿಷೇಧಿಸಿದ್ದ ಸ್ವಾರ್ಥಸಂಬಂಧವೇ ಇಲ್ಲಿ ವ್ಯವಸ್ಥೆಯ ತಳಹದಿ. ತಪಾಸಣೆಗಾರನು ವ್ಯಕ್ತಿಶಃ ಪ್ರಾಮಾಣಿಕನಾಗಿರಬಹುದು, ಅಂಥವರು ಅನೇಕರಿದ್ದಾರೆ. ಆದರೆ ಕಠಿನವಾಗಿ ನೋಡಿದವನಿಗೆ ಮುಂದಿನ ವರ್ಷದ ಕರೆ ಬಾರದಿರಬಹುದೆಂಬ ಭಯವು ಅವನ ನೆರಳಿನಂತೆ ಹಿಂಬಾಲಿಸುತ್ತದೆ.

೪

ಹಾಗಾದರೆ ತಪಾಸಣೆಗೆ ದೊರೆಯುವ ಪ್ರಮಾಣಗಳು ಯಾವುವು? ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದವೆಂದು ನಾಲ್ಕನ್ನು ಒಪ್ಪುತ್ತಾರೆ. ತಪಾಸಣೆಯಲ್ಲಿ ಉಪಮಾನಕ್ಕೆ ಹೆಚ್ಚಿನ ಕೆಲಸವಿಲ್ಲ. ಉಳಿದ ಮೂರಕ್ಕೂ ಉಂಟು.

ಪ್ರತ್ಯಕ್ಷವು ಗೋಡೆ, ಮೆಟ್ಟಿಲು, ನೀರಿನ ತೊಟ್ಟಿ, ಬೆಂಕಿ ಆರಿಸುವ ಉಪಕರಣಗಳ ಮಟ್ಟಿಗೆ ಸಾಕಷ್ಟು ಬಲವಾದುದು. ಆದರೆ ಅದು ವರ್ತಮಾನವನ್ನು ಮಾತ್ರ ಗ್ರಹಿಸುತ್ತದೆ. ತಪಾಸಣೆಯ ದಿನ ತೆರೆದಿರುವ ಬಾಗಿಲು ಮಾರನೆಯ ದಿನ ಬೀಗ ಕಂಡಿರಬಹುದು.

ಅನುಮಾನಕ್ಕೆ ಆಧಾರವಾದುವು ಲಿಖಿತಗಳು. ಪ್ರಾಚೀನ ಕಾವ್ಯಗಳ ಓಲೆಪ್ರತಿಗಳನ್ನು ಹೋಲಿಸಿ ಪಾಠವನ್ನು ನಿರ್ಣಯಿಸುವವರಿಗೆ ಇಲ್ಲಿಯ ಕೆಲಸ ಅಪರಿಚಿತವಲ್ಲ. ತಿದ್ದುವಿಕೆಯಿಲ್ಲದೆ, ಒಂದೇ ಮಸಿಯಲ್ಲಿ, ಒಂದೇ ಕೈಯಿಂದ ಇಡಿಯ ವರ್ಷದ ಹಾಜರಿ ಬರೆದಿದ್ದರೆ ಅದು ಮೂಲವಲ್ಲ, ಪ್ರತಿ ಎಂಬ ಸಂಶಯ ಹುಟ್ಟಬೇಕು. ತನಿಖೆಯವರಿಗೆ ತೋರಿಸುವುದೊಂದು, ನಿಜವಾಗಿ ಬಳಸುವುದೊಂದು ಎಂದು ಎರಡು ಪುಸ್ತಕಗಳನ್ನಿಡುವ ಪದ್ಧತಿಯು ಉಡುಪಿನ ಕಸುಬು ಹಬ್ಬಿರುವ ನಾಡುಗಳಲ್ಲೆಲ್ಲ ತನಿಖೆಗಾರರಿಗೆ ಗೊತ್ತಿರುವ ಸಂಗತಿ. ಇದನ್ನು ಕಂಡುಹಿಡಿಯುವ ಉಪಾಯವು ಹಾಜರಿಯ ಪುಸ್ತಕವನ್ನು, ಹಾಜರಿಗಾಗಿ ಬರೆಯದ ಬೇರೆ ಲಿಖಿತಗಳೊಡನೆ ಹೋಲಿಸುವುದು. ಹೊಲಿಗೆಯ ಕಾರ್ಖಾನೆಯಲ್ಲಿ ಮುರಿದ ಸೂಜಿಗೆ ಲೆಕ್ಕವಿರುತ್ತದೆ. ಸೂಜಿಯ ಚೂರು ಉಡುಪಿನಲ್ಲಿ ಉಳಿದು ಯಾರಿಗಾದರೂ ಚುಚ್ಚಬಾರದೆಂದು ಕೊಳ್ಳುವ ಸಂಸ್ಥೆಗಳು ಅದನ್ನು ಕಟ್ಟುನಿಟ್ಟಾಗಿ ಕೇಳುತ್ತವೆ. ಭಾನುವಾರ ರಜೆಯೆಂದು ಹಾಜರಿ ಹೇಳುತ್ತಿದ್ದು, ಅದೇ ಭಾನುವಾರ ಸೂಜಿ ಮುರಿಯಿತೆಂದು ಇನ್ನೊಂದು ಪುಸ್ತಕ ಹೇಳಿದರೆ, ಎರಡನೆಯದನ್ನೇ ನಂಬಬೇಕು. ಗುಣಪರೀಕ್ಷೆಯ ಚೀಟಿ, ಮಾಲು ಹೊರಗೆ ಹೋದ ಲೆಕ್ಕ, ಕಾವಲುಗಾರನ ಪುಸ್ತಕ ಇವೂ ಇಂತಹ ಸಾಕ್ಷಿಗಳೇ. ಪ್ರಯೋಜನವನ್ನು ಬಯಸದೆ ಬರೆದ ಬರೆಹವು ಪ್ರಯೋಜನಕ್ಕಾಗಿ ಬರೆದುದಕ್ಕಿಂತ ವಿಶ್ವಾಸಾರ್ಹವಾದುದೆಂಬ ಸೂತ್ರವು ಶಾಸನಗಳ ಪರಿಶೋಧನೆಗೆ ಹೇಗೋ ಇದಕ್ಕೂ ಹಾಗೆಯೇ ಸಲ್ಲುತ್ತದೆ.

ಆದರೆ ಲಿಖಿತದಲ್ಲಿ ಎಂದಿಗೂ ಇಳಿಯದ ವಿಷಯಗಳಿವೆ. ಗಂಟೆಗಿಷ್ಟೆಂದು ಗೊತ್ತುಮಾಡಿದ ಉಡುಪಿನ ಸಂಖ್ಯೆ ಮುಟ್ಟದಿದ್ದಾಗ ಬೀಳುವ ಬೈಗಳು, ಶೌಚಕ್ಕೆ ಎದ್ದುಹೋಗುವುದಕ್ಕೂ ಅಪ್ಪಣೆ ಬೇಕೆಂಬ ಕಟ್ಟು, ಮೇಸ್ತ್ರಿಯ ಅಸಭ್ಯವರ್ತನೆ, ಸಂಘಕ್ಕೆ ಸೇರಿದರೆ ಕೆಲಸ ಹೋದೀತೆಂಬ ಹೆದರಿಕೆ, ಇವುಗಳಿಗೆ ಪುಸ್ತಕವಿಲ್ಲ. ಇವು ಶಬ್ದಪ್ರಮಾಣಕ್ಕೆ ಮಾತ್ರ ಗೋಚರವಾದುವು. ವಸ್ತುವನ್ನು ಇದ್ದಂತೆ ಬಲ್ಲವನೂ ಬಲ್ಲುದನ್ನು ಹೇಳಲಿಚ್ಛಿಸುವವನೂ ಆಪ್ತನೆಂದು ನ್ಯಾಯಭಾಷ್ಯಕಾರನ ಅಭಿಪ್ರಾಯ. ಹೊಲಿಗೆಯ ಹೆಂಗಸಿನಲ್ಲಿ ಮೊದಲನೆಯ ಲಕ್ಷಣವು ಪೂರ್ಣವಾಗಿದೆ. ಎರಡನೆಯದು ಅವಳ ಸ್ವಭಾವಕ್ಕಿಂತ ಹೆಚ್ಚಾಗಿ ಅವಳ ಸ್ಥಿತಿಯನ್ನು ಅವಲಂಬಿಸಿದೆ. ಆಡಳಿತದವರ ಕಣ್ಣೆದುರಿಗೆ ಕರೆದು, ಅವರದೇ ಕೊಠಡಿಯಲ್ಲಿ ಕೂರಿಸಿ, ಹತ್ತು ನಿಮಿಷದಲ್ಲಿ ಅಪರಿಚಿತನೊಬ್ಬನು ಕೇಳುವ ಪ್ರಶ್ನೆಗೆ ಅವಳು “ಎಲ್ಲ ಸರಿಯಾಗಿದೆ” ಎಂದರೆ, ಅದು ಸುಳ್ಳೂ ಅಲ್ಲ, ಸಾಕ್ಷ್ಯವೂ ಅಲ್ಲ. ನಾಳೆಯ ಕೂಲಿಯನ್ನು ಕಾಪಾಡಿಕೊಳ್ಳುವ ಎಚ್ಚರ.

ಭಾಷೆಯ ತೊಡಕೂ ಇಲ್ಲಿ ಸೇರಿಕೊಳ್ಳುತ್ತದೆ. ಮಂಡ್ಯ, ರಾಮನಗರ, ತುಮಕೂರು ಸೀಮೆಗಳ ಕನ್ನಡದ ಹೆಂಗಸರೊಡನೆ ಈಗ ಒಡಿಶಾ, ಝಾರ್ಖಂಡ ಮೊದಲಾದ ಕಡೆಗಳಿಂದ ಬಂದ ಹುಡುಗಿಯರೂ ಹೊಲಿಗೆಯ ಸಾಲುಗಳಲ್ಲಿದ್ದಾರೆ. ಹೆಚ್ಚು ಮಂದಿಗೆ ತಿಳಿಯುವ ಭಾಷೆಯೆಂಬ ಹಳೆಯ ವಿಧಿಯು ಕಡಮೆ ಮಂದಿಯವರನ್ನು ಹೊರಗಿಡುತ್ತದೆ. ಕನ್ನಡದಲ್ಲಿರುವ ಫಲಕಗಳೂ ಅನೇಕ ವೇಳೆ ಇಂಗ್ಲಿಷ್ ವಾಕ್ಯಗಳ ನೆರಳಾಗಿದ್ದು, ಓದಬಲ್ಲವಳಿಗೂ ಅರ್ಥವಾಗುವುದಿಲ್ಲ. ತನ್ನ ಹಕ್ಕು ಯಾವುದೆಂದು ತಿಳಿಯದವಳು ಅದರ ಭಂಗವನ್ನು ಹೇಳುವುದಾದರೂ ಹೇಗೆ?

೫

ಸಾಕ್ಷಿಯ ಬಾಯಿಗೆ ಅಭಯವಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಬೆಂಗಳೂರಿನದೇ ಒಂದು ನಿದರ್ಶನವುಂಟು. ಫೈಬರ್ಸ್ ಅಂಡ್ ಫ್ಯಾಬ್ರಿಕ್ಸ್ ಇಂಟರ್‌ನ್ಯಾಷನಲ್ ಎಂಬ ಕಂಪೆನಿಯ ಕಾರ್ಖಾನೆಗಳ ಸ್ಥಿತಿಯನ್ನು ಕುರಿತು ಸ್ಥಳೀಯ ಕಾರ್ಮಿಕ ಸಂಘಟನೆಗಳು ಆಕ್ಷೇಪಗಳನ್ನೆತ್ತಿದುವು. ಕಂಪೆನಿಯು ಅವನ್ನು ಅಲ್ಲಗಳೆಯಿತು. ೨೦೦೬ರಲ್ಲಿ ಬೆಂಗಳೂರಿನ ನ್ಯಾಯಾಲಯವೊಂದು ಆ ಸಂಘಟನೆಗಳು ವಿಷಯವನ್ನು ಹೊರಗೆ ಪ್ರಚುರಪಡಿಸದಂತೆ ತಡೆಯಾಜ್ಞೆ ಕೊಟ್ಟಿತು. ವ್ಯಾಜ್ಯವು ಹಾಲೆಂಡಿನವರೆಗೂ ಬೆಳೆಯಿತು. ೨೦೦೮ರ ಜನವರಿಯಲ್ಲಿ ಆ ದೇಶದ ಮಾಜಿ ಪ್ರಧಾನಿ ರೂಡ್ ಲುಬ್ಬರ್ಸ್ ಅವರ ಮಧ್ಯಸ್ಥಿಕೆಯಿಂದ ರಾಜಿಯಾಗಿ ಮೊಕದ್ದಮೆಗಳು ಹಿಂದೆಗೆಯಲ್ಪಟ್ಟುವು. ಮೈಸೂರು ರಸ್ತೆಯ ಹೆಂಗಸಿನ ಮಾತನ್ನು ಕೇಳಿಸುವುದಕ್ಕೆ ಹಾಲೆಂಡಿನ ಮಾಜಿ ಪ್ರಧಾನಿ ಬೇಕಾಯಿತೆಂದರೆ, ಹತ್ತಿರದ ದಾರಿಗಳೆಲ್ಲ ಮುಚ್ಚಿದ್ದುವೆಂದೇ ಅರ್ಥ.

ಕಾಗದದ ಪ್ರಮಾಣವನ್ನೇ ನಂಬಿದುದರ ಪರಿಣಾಮವು ನೆರೆನಾಡುಗಳಲ್ಲಿ ಘೋರವಾಗಿ ಕಂಡಿತು. ೨೦೧೨ರ ಸೆಪ್ಟೆಂಬರ್ ೧೧ರಂದು ಕರಾಚಿಯ ಅಲಿ ಎಂಟರ್‌ಪ್ರೈಸಸ್ ಕಾರ್ಖಾನೆಯಲ್ಲಿ ಬೆಂಕಿಬಿದ್ದು ೨೫೦ಕ್ಕೂ ಹೆಚ್ಚು ಮಂದಿ ಸತ್ತರು. ಕೆಲವೇ ವಾರಗಳ ಹಿಂದೆ ಅದಕ್ಕೆ ಎಸ್‌ಎ ೮೦೦೦ ಪ್ರಮಾಣಪತ್ರ ದೊರೆತಿದ್ದಿತು. ೨೦೧೩ರ ಏಪ್ರಿಲ್ ೨೪ರಂದು ಢಾಕಾದ ಬಳಿ ರಾಣಾ ಪ್ಲಾಜಾ ಕಟ್ಟಡವು ಕುಸಿದು ೧,೧೦೦ಕ್ಕೂ ಹೆಚ್ಚು ಮಂದಿ ಮಡಿದರು. ಅಲ್ಲಿದ್ದ ಕಾರ್ಖಾನೆಗಳಲ್ಲಿಯೂ ತಪಾಸಣೆಗಳು ನಡೆದಿದ್ದುವು. ಹಿಂದಿನ ದಿನ ಗೋಡೆಯಲ್ಲಿ ಬಿರುಕನ್ನು ಕಂಡ ಕೆಲಸಗಾರರು ಒಳಹೋಗಲು ಹಿಂಜರಿದರು; ಕೂಲಿ ಹೋಗುವುದೆಂಬ ಹೆದರಿಕೆಯಿಂದ ಒಳಹೊಕ್ಕರು.

ಬೆಂಗಳೂರಿನಲ್ಲಿ ಇಂಥ ದುರಂತ ನಡೆದಿಲ್ಲ. ಆದರೆ ನಿಃಶಬ್ದವಾಗಿ ನಡೆದ ಒಂದು ಪ್ರಸಂಗವು ಬೇರೊಂದು ಪಾಠವನ್ನು ಕಲಿಸುತ್ತದೆ. ಕರ್ನಾಟಕದಲ್ಲಿ ಕನಿಷ್ಠ ಕೂಲಿಗೆ ಬೆಲೆಗಳ ಸೂಚ್ಯಂಕದ ಮೇರೆಗೆ ಪ್ರತಿವರ್ಷ ಏಪ್ರಿಲಿನಲ್ಲಿ ತುಟ್ಟಿಭತ್ಯೆ ಸೇರುತ್ತದೆ. ೨೦೨೦ರ ಏಪ್ರಿಲಿನಲ್ಲಿ ಸೇರಬೇಕಾಗಿದ್ದುದು ತಿಂಗಳಿಗೆ ೪೧೭ ರೂಪಾಯಿ. ಸಾಂಕ್ರಾಮಿಕದ ಕಾರಣವನ್ನು ಹೇಳಿ ಸರಕಾರ ಅದನ್ನು ಮುಂದಕ್ಕೆ ಹಾಕಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಹೈಕೋರ್ಟು ಭತ್ಯೆಯನ್ನು ಬಾಕಿಸಹಿತವಾಗಿ ಕೊಡಬೇಕೆಂದು ಆದೇಶಿಸಿತು. ವ್ಯಾಜ್ಯ ಇನ್ನೂ ಮುಗಿದಿಲ್ಲವೆಂದು ಹೇಳಿ ಕಾರ್ಖಾನೆಗಳು ಕೊಡಲಿಲ್ಲ. ವರ್ಕರ್ ರೈಟ್ಸ್ ಕನ್ಸಾರ್ಷಿಯಮ್ ಎಂಬ ಅಮೆರಿಕದ ಸಂಸ್ಥೆಯ ಲೆಕ್ಕದಂತೆ ಬಾಧಿತರಾದವರು ನಾಲ್ಕು ಲಕ್ಷಕ್ಕೂ ಮೇಲ್ಪಟ್ಟವರು. ಆ ಒಂದು ಏರಿಕೆಯೇ ಇಪ್ಪತ್ತು ತಿಂಗಳಿಗೆ ಒಬ್ಬಳಿಗೆ ೮,೩೪೦ ರೂಪಾಯಿಯಾಗುತ್ತದೆ. ಮಕ್ಕಳ ಶಾಲೆಯ ಶುಲ್ಕ, ಮನೆಯ ಬಾಡಿಗೆ, ಸಾಲದ ಬಡ್ಡಿಗಳ ನಡುವೆ ಇದು ಸಣ್ಣ ಮೊತ್ತವಲ್ಲ.

ಇಲ್ಲಿ ಎರಡನೆಯ ಪುಸ್ತಕವಿರಲಿಲ್ಲ, ಮುಚ್ಚಿದ ಬಾಗಿಲಿರಲಿಲ್ಲ. ಕೊಟ್ಟ ಕೂಲಿ ಚೀಟಿಯ ಮೇಲೆಯೇ ಅಚ್ಚಾಗಿತ್ತು. ಕೊಡಬೇಕಾದುದು ಸರಕಾರದ ಪ್ರಕಟನೆಯಲ್ಲಿತ್ತು. ಕಳೆಯುವ ಲೆಕ್ಕವನ್ನು ಶಾಲೆಯ ಬಾಲಕನೂ ಮಾಡಬಲ್ಲನು. ಕನಿಷ್ಠ ಕೂಲಿಯು ಎಲ್ಲ ಕೊಳ್ಳುವ ಸಂಸ್ಥೆಗಳ ನಿಯಮಾವಳಿಗಳಲ್ಲಿಯೂ ಇದ್ದಿತು. ಆದರೂ ಸಂಘಗಳೂ ಮೇಲೆ ಹೇಳಿದ ಸಂಸ್ಥೆಯೂ ವಿದೇಶದ ಪತ್ರಿಕೆಗಳವರೆಗೆ ದೂರನ್ನು ಮುಟ್ಟಿಸುವ ತನಕ ಬಾಕಿ ಹಾಗೆಯೇ ಉಳಿಯಿತು. ೨೦೨೨ರ ಆದಿಯಲ್ಲಿ, ದೇಶದ ಅತ್ಯಂತ ದೊಡ್ಡ ಉಡುಪಿನ ಕಂಪೆನಿಗಳಲ್ಲೊಂದಾದ ಶಾಹಿ ಎಕ್ಸ್‌ಪೋರ್ಟ್ಸ್ ಬಾಕಿಯನ್ನು ಕೊಡಲು ಒಪ್ಪಿಕೊಂಡಿತು, ಇತರರೂ ಅನುಸರಿಸಿದರು. ಇದರಿಂದ ತಿಳಿಯುವುದೇನೆಂದರೆ, ಪ್ರಮಾಣದ ಅಭಾವವೊಂದೇ ದೋಷವಲ್ಲ. ಪ್ರಮಾಣವಿದ್ದೂ ಅದನ್ನು ಕಂಡವನಿಗೆ ಕ್ರಮ ಕೈಗೊಳ್ಳುವ ಬಾಧ್ಯತೆಯಿಲ್ಲದಿರುವುದು ಅದಕ್ಕಿಂತ ದೊಡ್ಡ ದೋಷ. ಕೊಳ್ಳುವ ಸಂಸ್ಥೆಯು ಒಂದು ಕೈಯಲ್ಲಿ ನಿಯಮಾವಳಿಯನ್ನೂ ಇನ್ನೊಂದು ಕೈಯಲ್ಲಿ ತಗ್ಗಿಸಿದ ಬೆಲೆಯನ್ನೂ ಹಿಡಿದಿರುವಾಗ, ಕಾರ್ಖಾನೆಯವನು ಎರಡನೆಯ ಕೈಯನ್ನೇ ನೋಡುತ್ತಾನೆ.

೬

ಇಲ್ಲಿ ಒಂದು ಆಶಂಕೆ ಹುಟ್ಟಬಹುದು. ಸರಕಾರದ ನಿರೀಕ್ಷಕರು ಸಾಲದಾದರು. ಖಾಸಗಿಯ ತಪಾಸಣೆಗಾರರು ಪರತಂತ್ರರು. ಹಾಗಾದರೆ ತನಿಖೆಯೇ ವ್ಯರ್ಥವಲ್ಲವೆ? ಹಾಗಲ್ಲ. ಬೆಂಕಿಯ ದಾರಿ, ಶೌಚಗೃಹ, ಬಾಲಕಾರ್ಮಿಕರ ನಿವಾರಣೆ ಮುಂತಾದ ಕಣ್ಣಿಗೆ ಬೀಳುವ ವಿಷಯಗಳಲ್ಲಿ ತಪಾಸಣೆಯಿಂದ ಸುಧಾರಣೆಯಾಗಿದೆಯೆಂಬುದನ್ನು ಅದರ ವಿಮರ್ಶಕರೂ ಒಪ್ಪುತ್ತಾರೆ. ಕಾಣದ ವಿಷಯಗಳಿಗೆ ಬೇರೆ ಏರ್ಪಾಡು ಬೇಕು.

ಅಂಥ ಏರ್ಪಾಡಿಗೆ ಎರಡು ನಿದರ್ಶನಗಳಿವೆ. ರಾಣಾ ಪ್ಲಾಜಾ ದುರಂತದ ತರುವಾಯ ೨೦೧೩ರ ಮೇ ತಿಂಗಳಲ್ಲಿ ಬಾಂಗ್ಲಾದೇಶದ ಕಾರ್ಖಾನೆಗಳಿಗಾಗಿ ‘ಅಕಾರ್ಡ್’ ಎಂಬ ಒಪ್ಪಂದವಾಯಿತು. ಕಾರ್ಮಿಕ ಸಂಘಗಳು ಅದರಲ್ಲಿ ಸಮಾನ ಪಕ್ಷ. ಇಂಜಿನಿಯರುಗಳ ವರದಿಗಳು ಬಹಿರಂಗ. ರುಜು ಹಾಕಿದ ೨೦೦ಕ್ಕೂ ಹೆಚ್ಚು ಸಂಸ್ಥೆಗಳು ಮಾತಿಗೆ ತಪ್ಪಿದರೆ ಮಧ್ಯಸ್ಥ ನ್ಯಾಯಕ್ಕೆ ಬದ್ಧ. ಎರಡನೆಯದು ತಮಿಳುನಾಡಿನ ದಿಂಡಿಗಲ್ಲಿನದು. ಅಲ್ಲಿಯ ಕಾರ್ಖಾನೆಯೊಂದರ ಕೆಲಸಗಾರ್ತಿಯ ಕೊಲೆಯ ಬಳಿಕ, ದಲಿತ ಹೆಂಗಸರು ಮುಂದಾಳಾಗಿರುವ ಕಾರ್ಮಿಕ ಸಂಘವು ೨೦೨೨ರ ಏಪ್ರಿಲಿನಲ್ಲಿ ಈಸ್ಟ್‌ಮನ್ ಎಕ್ಸ್‌ಪೋರ್ಟ್ಸ್ ಕಂಪೆನಿಯೊಡನೆಯೂ ಎಚ್ ಅಂಡ್ ಎಂ ಮೊದಲಾದ ಕೊಳ್ಳುವ ಸಂಸ್ಥೆಗಳೊಡನೆಯೂ ಒಪ್ಪಂದ ಮಾಡಿಕೊಂಡಿತು. ಅದರಂತೆ ಹೊಲಿಗೆಯ ಸಾಲಿನಲ್ಲಿ ಕೂರುವವರಲ್ಲಿಯೇ ಕೆಲವರು ತರಬೇತಿ ಪಡೆದು ಕಿರುಕುಳದ ಸಂಗತಿಗಳನ್ನು ಗಮನಿಸಿ ತಿಳಿಸುತ್ತಾರೆ. ವರ್ಷಕ್ಕೊಂದು ದಿನ ಬರುವ ಕಣ್ಣಿನ ಬದಲು ದಿನವೂ ಇರುವ ಕಣ್ಣು ಅದು.

ಕರ್ನಾಟಕದಲ್ಲಿಯೂ ಇದರ ಬೀಜಗಳಿಲ್ಲದಿಲ್ಲ. ೨೦೨೦ರ ಜೂನಿನಲ್ಲಿ ಶ್ರೀರಂಗಪಟ್ಟಣದ ಯೂರೋ ಕ್ಲೋದಿಂಗ್ ಕಾರ್ಖಾನೆ ಮುಚ್ಚಿ ಸುಮಾರು ೧,೨೦೦ ಮಂದಿ ಕೆಲಸ ಕಳೆದುಕೊಂಡಾಗ, ಅವರು ಬಹುದಿನ ಬಾಗಿಲಲ್ಲೇ ಕುಳಿತರು; ೨೦೨೧ರ ಫೆಬ್ರವರಿಯಲ್ಲಿ ಮಾಲೀಕರಾದ ಗೋಕುಲದಾಸ್ ಎಕ್ಸ್‌ಪೋರ್ಟ್ಸ್ ಕಂಪೆನಿಗೂ ಉಡುಪಿನ ಕೆಲಸಗಾರರ ಸಂಘಕ್ಕೂ ಪುನರ್ನೇಮಕದ ಒಪ್ಪಂದವಾಯಿತು. ಇದನ್ನು ಸಾಧಿಸಿದುದು ಸಂಘ, ತಪಾಸಣೆಯ ವರದಿಯಲ್ಲ.

ಒಟ್ಟಿನಲ್ಲಿ ಹೇಳಬೇಕಾದುದಿಷ್ಟು. ತನಿಖೆಯು ಯಥಾರ್ಥವಾಗಬೇಕಾದರೆ, ತನಿಖೆಗೊಳಗಾಗುವವನ ಹಣದಿಂದ ನೋಡುವವನು ಬದುಕಬಾರದು. ದುಡಿಯುವವಳಿಗೆ ವಿಧಿಯು ತನ್ನ ಮಾತಿನಲ್ಲಿ ತಿಳಿದಿರಬೇಕು. ಅವಳು ಹೇಳಿದ ಮಾತಿಗೆ ಅಭಯವೂ, ಕೇಳಿದವನಿಗೆ ಬಾಧ್ಯತೆಯೂ ಇರಬೇಕು. ಇವುಗಳಲ್ಲಿ ಮೊದಲನೆಯದೂ ಕೊನೆಯದೂ ಶಾಸಕರ ಮತ್ತು ವ್ಯಾಪಾರಿಗಳ ಕೈಯಲ್ಲಿವೆ. ನಡುವಣದು ಭಾಷೆಯನ್ನು ಬಲ್ಲವರದು. ಹೊಸ ಸಂಹಿತೆಗಳ ಸಾರಾಂಶವನ್ನು ತಿಳಿಗನ್ನಡದಲ್ಲಿ, ಏಳನೆಯ ತರಗತಿಯವರೆಗೆ ಓದಿದ ಹೆಂಗಸಿಗೆ ಅರ್ಥವಾಗುವಂತೆ ಬರೆದುಕೊಡುವ ಕೆಲಸಕ್ಕೆ ಪಂಡಿತರೂ ಅಧ್ಯಾಪಕರೂ ಕೈಹಾಕುವುದಾದರೆ, ಕಾರ್ಖಾನೆಯ ಗೋಡೆಯ ಮೇಲಿನ ಆ ಒಂದು ಹಾಳೆಗೆ ಬೇರಾವ ಗ್ರಂಥಕ್ಕೂ ದೊರೆಯದಷ್ಟು ಓದುಗರು ದೊರೆತಾರು.